ರಾಜ್ಯ ಬದಲಿಸುವ ಹಿರಿಯರು: ಅಮೆರಿಕದ ಭಕ್ತಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ಅಮೆರಿಕದಲ್ಲಿ ನೆಲೆಸಿರುವ ಶ್ರೀಮಠದ ಸದ್ಭಕ್ತರಲ್ಲಿ ಅನೇಕರು ಇಂದು ವೃದ್ಧ ತಂದೆ-ತಾಯಿಗಳನ್ನು ತಮ್ಮೊಡನೆ ಇರಿಸಿಕೊಂಡು ಸಲಹುತ್ತಿದ್ದಾರೆ. ಮಗನ ಮನೆ ನ್ಯೂಜೆರ್ಸಿಯಲ್ಲಿದ್ದರೆ ಮಗಳ ಮನೆ ಟೆಕ್ಸಾಸ್‌ನಲ್ಲಿಯೋ ಕ್ಯಾಲಿಫೋರ್ನಿಯಾದಲ್ಲಿಯೋ ಇರುತ್ತದೆ. ಮಗನಿಗೆ ಕೆಲಸದ ಒತ್ತಡ ಹೆಚ್ಚಿತು, ತಾಯಿಯವರಿಗೆ ಮೆಟ್ಟಿಲು ಹತ್ತಲಾಗದಾಯಿತು. ಇನ್ನು ಮಗಳ ಮನೆಯಲ್ಲಿರಲಿ ಎಂಬ ತೀರ್ಮಾನ ಒಂದು ಸಂಜೆಯ ದೂರವಾಣಿ ಮಾತಿನಲ್ಲಿಯೇ ಆಗಿಬಿಡುತ್ತದೆ. ತಾಯಿಯವರು ವಿಮಾನವೇರಿ ಹೋಗಿಬಿಡಬಹುದು. ಅವರ ಸವಲತ್ತುಗಳು ಅವರೊಡನೆ ಹೋಗುವುದಿಲ್ಲ. ಇದನ್ನು ಅರಿಯದೆ ಹೊರಟ ಕುಟುಂಬಗಳು ತಿಂಗಳುಗಟ್ಟಲೆ ಔಷಧಿಗೂ ಸಹಾಯಕರಿಗೂ ಕೈಯಿಂದ ಹಣ ಕೊಡಬೇಕಾಗುತ್ತದೆ. ಈ ಕುರಿತು ಶ್ರೀಮಠದ ಕಾರ್ಯಾಲಯಕ್ಕೆ ಪ್ರಶ್ನೆಗಳು ಬರುತ್ತಿರುವುದರಿಂದ, ನಾವು ತಿಳಿದಷ್ಟನ್ನು ಇಲ್ಲಿ ನಿವೇದಿಸುತ್ತಿದ್ದೇವೆ.

ಮೊದಲು ಮೆಡಿಕೇರ್ ಮತ್ತು ಮೆಡಿಕೇಯ್ಡ್‌ಗಳ ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಎರಡೂ 1965ರ ಶಾಸನದಿಂದ ಹುಟ್ಟಿದವು, ಹೆಸರುಗಳೂ ಅವಳಿಗಳಂತಿವೆ. ಆದರೆ ಮೆಡಿಕೇರ್ ಕೇಂದ್ರ ಸರ್ಕಾರದ್ದು. ಮೂಲ ಮೆಡಿಕೇರ್ ಪಡೆದವರು ಯಾವ ರಾಜ್ಯಕ್ಕೆ ಹೋದರೂ ಅದು ನಡೆಯುತ್ತದೆ. ಖಾಸಗಿ ಕಂಪನಿಗಳ ಮೂಲಕ ಪಡೆದ ಮೆಡಿಕೇರ್ ಅಡ್ವಾಂಟೇಜ್ ಮತ್ತು ಔಷಧ ವಿಮೆ ಮಾತ್ರ ಪ್ರದೇಶಕ್ಕೆ ಸೀಮಿತ. ವಾಸಸ್ಥಳ ಬದಲಾದಾಗ ಹೊಸ ಯೋಜನೆಗೆ ಸೇರಲು ವಿಶೇಷ ಅವಧಿ ದೊರೆಯುತ್ತದೆ. ಮುಂಚಿತವಾಗಿ ತಿಳಿಸಿದವರಿಗೆ ಅದು ಹೊರಡುವ ತಿಂಗಳ ಹಿಂದಿನ ತಿಂಗಳಿನಿಂದ ಆರಂಭವಾಗಿ, ಹೋದ ನಂತರ ಎರಡು ಪೂರ್ಣ ತಿಂಗಳವರೆಗೆ ಇರುತ್ತದೆ. ಆದರೆ ಸ್ನಾನ ಮಾಡಿಸುವುದು, ಉಡಿಸುವುದು, ಉಣಿಸುವುದು ಮುಂತಾದ ದೀರ್ಘಕಾಲದ ಆರೈಕೆಗೆ ಮೆಡಿಕೇರ್ ಹಣ ಕೊಡುವುದಿಲ್ಲ. ಅದನ್ನು ಕೊಡುವುದು ಮೆಡಿಕೇಯ್ಡ್.

ಮೆಡಿಕೇಯ್ಡ್‌ಗೆ ಕೇಂದ್ರ ಮತ್ತು ರಾಜ್ಯ ಎರಡೂ ಹಣ ನೀಡುತ್ತವೆ, ನಡೆಸುವುದು ರಾಜ್ಯ. ಆದ್ದರಿಂದ ಅದನ್ನು ‘ವರ್ಗಾಯಿಸುವ’ ಕ್ರಮವೇ ಇಲ್ಲ. ಹಳೆಯ ರಾಜ್ಯದಲ್ಲಿ ಮುಚ್ಚಿಸಿ, ಹೊಸ ರಾಜ್ಯದಲ್ಲಿ ಹೊಸದಾಗಿ ಅರ್ಜಿ ಹಾಕಬೇಕು. ಒಂದೇ ಕಾಲಕ್ಕೆ ಎರಡು ರಾಜ್ಯಗಳಲ್ಲಿ ಪಡೆಯುವಂತಿಲ್ಲ. ರಾಜ್ಯಗಳು ತಮ್ಮ ಪಟ್ಟಿಗಳನ್ನು ಪರಸ್ಪರ ತಾಳೆ ನೋಡುತ್ತವೆ. ಸಮಾಧಾನದ ಸಂಗತಿಯೆಂದರೆ, ಇಷ್ಟು ತಿಂಗಳು ವಾಸವಿದ್ದ ಮೇಲೆಯೇ ಅರ್ಹತೆ ಎಂಬ ನಿಬಂಧನೆಯನ್ನು ಯಾವ ರಾಜ್ಯವೂ ಹಾಕುವಂತಿಲ್ಲ. ಅಲ್ಲಿಯೇ ನೆಲೆಸುವ ಉದ್ದೇಶದಿಂದ ಹೋದವರು ಮರುದಿನವೇ ಅರ್ಜಿ ಸಲ್ಲಿಸಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 45 ದಿನಗಳ ಮಿತಿಯಿದೆ. ಅಂಗವೈಕಲ್ಯದ ಆಧಾರದ ಅರ್ಜಿಗಳಿಗೆ 90 ದಿನ. ಅರ್ಜಿಗೆ ಹಿಂದಿನ ಮೂರು ತಿಂಗಳ ಖರ್ಚನ್ನೂ ಭರಿಸುವ ಅವಕಾಶ ಅನೇಕ ರಾಜ್ಯಗಳಲ್ಲಿದ್ದು, 2025ರ ಶಾಸನದಂತೆ 2027ರ ಜನವರಿಯಿಂದ ಅದು ಮೊಟಕಾಗಲಿದೆ. ತಿಂಗಳ ಕೊನೆಯಲ್ಲಿ ಹೊರಟು, ಹೊಸ ತಿಂಗಳ ಮೊದಲ ವಾರದಲ್ಲಿಯೇ ಅರ್ಜಿ ಹಾಕುವುದು ಲೇಸು. ಹೊರಡುವ ಮುನ್ನ ಔಷಧಿಗಳನ್ನು ಸಾಧ್ಯವಾದಷ್ಟು ದಿನಗಳಿಗೆ ತುಂಬಿಸಿಕೊಂಡು, ವೈದ್ಯರ ದಾಖಲೆಗಳ ಪ್ರತಿಗಳನ್ನು ಕೈಚೀಲದಲ್ಲಿಯೇ ಇರಿಸಿಕೊಳ್ಳಬೇಕು. ಮೆಡಿಕೇರ್ ಕಂತನ್ನು ರಾಜ್ಯವೇ ತುಂಬುತ್ತಿದ್ದರೆ ಆ ನೆರವಿಗೂ ಹೊಸ ಅರ್ಜಿ ಬೇಕು. ಮರೆತರೆ ಕಂತಿನ ಹಣ (2025ರಲ್ಲಿ ತಿಂಗಳಿಗೆ 185 ಡಾಲರ್) ಹಿರಿಯರ ಮೇಲೆಯೇ ಬೀಳುತ್ತದೆ.

ರಾಜ್ಯರಾಜ್ಯಗಳ ನಡುವಿನ ಅಂತರ ಎಷ್ಟು ದೊಡ್ಡದೆಂಬುದಕ್ಕೆ ಒಂದು ನಿದರ್ಶನ ಸಾಕು. ಟೆಕ್ಸಾಸ್‌ನಲ್ಲಿ ಒಂಟಿ ಹಿರಿಯರೊಬ್ಬರ ಲೆಕ್ಕಕ್ಕೆ ಬರುವ ಆಸ್ತಿ 2,000 ಡಾಲರ್ ಮೀರಬಾರದು. ಕ್ಯಾಲಿಫೋರ್ನಿಯಾದಲ್ಲಿ 2026ರ ಜನವರಿಯಿಂದ ಆ ಮಿತಿ 1,30,000 ಡಾಲರ್. ಯಾವ ಮಕ್ಕಳ ಮನೆಯಲ್ಲಿ ಇರಿಸಬೇಕೆಂಬುದನ್ನು ಪ್ರೀತಿಯೊಂದೇ ನಿರ್ಧರಿಸಬೇಕೆಂದು ನಾವೂ ಬಯಸುತ್ತೇವೆ. ಆದರೂ ಟಿಕೇಟು ಕೊಳ್ಳುವ ಮುನ್ನ ಎರಡೂ ರಾಜ್ಯಗಳ ನಿಯಮಗಳನ್ನು ಓದಿ ನೋಡುವುದು ವಿವೇಕ. ಊರಿನಲ್ಲಿರುವ ಹೊಲ, ಮನೆ, ಬ್ಯಾಂಕಿನ ಠೇವಣಿಗಳನ್ನೂ ಅರ್ಜಿಯಲ್ಲಿ ತಿಳಿಸಬೇಕು. ‘ಅದು ಭಾರತದಲ್ಲಿದೆಯಲ್ಲ’ ಎಂದು ಬಿಟ್ಟುಬಿಡುವುದು ಸುಳ್ಳು ಹೇಳಿದಂತೆಯೇ ಆಗುತ್ತದೆ.

ಇನ್ನು ಎಸ್‌ಎಸ್‌ಐ ಎಂಬ ಮಾಸಿಕ ನೆರವು. ಇದು ಕೇಂದ್ರದ್ದಾದ್ದರಿಂದ ರಾಜ್ಯ ಬದಲಾದರೂ ಮುಂದುವರಿಯುತ್ತದೆ. 2025ರಲ್ಲಿ ಒಬ್ಬರಿಗೆ ಗರಿಷ್ಠ 967 ಡಾಲರ್ ಇತ್ತು. ಇದರ ಮೇಲೆ ಕೆಲವು ರಾಜ್ಯಗಳು ಸೇರಿಸಿ ಕೊಡುವ ಮೊತ್ತ ಮಾತ್ರ ಆಯಾ ರಾಜ್ಯದ್ದು. ವಿಳಾಸ ಬದಲಾದುದನ್ನು ಮುಂದಿನ ತಿಂಗಳ 10ನೆಯ ದಿನಾಂಕದೊಳಗೆ ತಿಳಿಸಬೇಕು. ಜಾತ್ರಾ ಮಹೋತ್ಸವಕ್ಕೆಂದು ಊರಿಗೆ ಬರುವ ಹಿರಿಯರ ಗಮನಕ್ಕೆ: ಸತತ 30 ದಿನ ಅಮೆರಿಕದ ಹೊರಗಿದ್ದರೆ ಈ ನೆರವು ನಿಲ್ಲುತ್ತದೆ. ಮರಳಿ ಹೋಗಿ ಸತತ 30 ದಿನ ಅಲ್ಲಿದ್ದ ನಂತರವಷ್ಟೇ ಮತ್ತೆ ಆರಂಭವಾಗುತ್ತದೆ.

ಪೌರತ್ವದ ಪ್ರಶ್ನೆಯೂ ಇಲ್ಲಿ ಬರುತ್ತದೆ. ಪ್ರವಾಸಿ ವೀಸಾದಲ್ಲಿ ಬಂದವರಿಗೆ ಈ ಸವಲತ್ತುಗಳಿಲ್ಲ. ಮಕ್ಕಳ ಮೂಲಕ ಗ್ರೀನ್ ಕಾರ್ಡ್ ಪಡೆದವರಿಗೆ ಸಾಮಾನ್ಯವಾಗಿ ಮೊದಲ ಐದು ವರ್ಷ ಮೆಡಿಕೇಯ್ಡ್ ದೊರೆಯದು. ಆ ಬಳಿಕವೂ, ಪ್ರಾಯೋಜಕರಾಗಿ ಸಹಿ ಹಾಕಿದ ಮಕ್ಕಳ ಆದಾಯವನ್ನು ತಂದೆ-ತಾಯಿಯರ ಆದಾಯವೆಂದೇ ಎಣಿಸಬಹುದು. ಪೌರತ್ವ ದೊರೆತಾಗ ಆ ತೊಡಕು ನೀಗುತ್ತದೆ. 65 ತುಂಬಿ ಐದು ವರ್ಷ ಸತತವಾಗಿ ನೆಲೆಸಿದ ಗ್ರೀನ್ ಕಾರ್ಡ್‌ದಾರರು ಕಂತು ತೆತ್ತು ಮೆಡಿಕೇರ್ ಕೊಳ್ಳಬಹುದೆಂಬುದು ಅನೇಕರಿಗೆ ತಿಳಿದಿಲ್ಲ.

ಮಗಳೇ ತಾಯಿಯ ಆರೈಕೆ ಮಾಡಿ ಅದಕ್ಕೆ ಸರ್ಕಾರದಿಂದ ವೇತನ ಪಡೆಯುವ ವಿಚಾರದಲ್ಲಿ ನಮ್ಮ ಭಕ್ತರಲ್ಲಿ ಸಂಕೋಚವಿದೆ. ‘ಹೆತ್ತವಳ ಸೇವೆಗೆ ಕೂಲಿಯೇ?’ ಎಂದು ಕೇಳುವವರಿದ್ದಾರೆ. ಕಾಯಕದ ಪ್ರತಿಫಲವನ್ನು ಕೀಳೆಂದು ಎಣಿಸದ ಪರಂಪರೆ ನಮ್ಮದು. ತಾಯಿಗಾಗಿ ಉದ್ಯೋಗ ಬಿಟ್ಟು, ಹಗಲಿರುಳು ದುಡಿಯುವ ಹೆಣ್ಣುಮಗಳೊಬ್ಬಳು ಕಾನೂನು ಕೊಡುವ ವೇತನವನ್ನು ಸ್ವೀಕರಿಸಿದರೆ ಅದರಲ್ಲಿ ಅಳುಕಬೇಕಾದುದೇನೂ ಇಲ್ಲವೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಆಕೆಯ ಅಣ್ಣ-ತಮ್ಮಂದಿರು ಇದನ್ನು ಆಡಿಕೊಳ್ಳುವುದನ್ನು ಬಿಟ್ಟು ಕಾಗದಪತ್ರಗಳಲ್ಲಿ ನೆರವಾಗಲಿ.

ಈ ವ್ಯವಸ್ಥೆಗೆ ಒಂದೊಂದು ರಾಜ್ಯದಲ್ಲಿ ಒಂದೊಂದು ಹೆಸರು. ಕ್ಯಾಲಿಫೋರ್ನಿಯಾದಲ್ಲಿ ಐಎಚ್‌ಎಸ್‌ಎಸ್; ಕೌಂಟಿ ಕಚೇರಿ ನಡೆಸುತ್ತದೆ, ಪತಿ-ಪತ್ನಿಯರೂ ಮಕ್ಕಳೂ ಸಹಾಯಕರಾಗಬಹುದು, ತೀವ್ರ ಅಶಕ್ತರಿಗೆ ತಿಂಗಳಿಗೆ 283 ಗಂಟೆಗಳವರೆಗೆ ಮಂಜೂರಾಗಬಹುದು. ನ್ಯೂಯಾರ್ಕ್‌ನ ಸಿಡಿಪಿಎಪಿಯಲ್ಲಿ ಮಕ್ಕಳಿಗೆ ಅವಕಾಶವುಂಟು, ಪತಿ-ಪತ್ನಿಯರಿಗಿಲ್ಲ. ನ್ಯೂಜೆರ್ಸಿಯಲ್ಲಿ ಪರ್ಸನಲ್ ಪ್ರಿಫರೆನ್ಸ್ ಪ್ರೋಗ್ರಾಮ್, ಟೆಕ್ಸಾಸ್‌ನಲ್ಲಿ ಸಿಡಿಎಸ್. ತಾಯಿಯ ಪರವಾಗಿ ‘ಉದ್ಯೋಗದಾತ’ರಾಗಿ ಸಹಿ ಹಾಕುವವರು ತಾವೇ ವೇತನ ಪಡೆಯುವಂತಿಲ್ಲವೆಂಬ ನಿಯಮ ಟೆಕ್ಸಾಸ್, ನ್ಯೂಯಾರ್ಕ್‌ಗಳಲ್ಲಿದೆ, ಆರೈಕೆ ಮಗಳದಾದರೆ ಸಹಿ ಅಳಿಯನಲ್ಲದ ಇನ್ನೊಬ್ಬರದಾಗಿರಲಿ. ಇಂತಹ ಹಲವು ಯೋಜನೆಗಳಿಗೆ ಸ್ಥಾನಗಳು ಸೀಮಿತವಾಗಿದ್ದು, ವರ್ಷಗಟ್ಟಲೆ ಕಾಯುವ ಪಟ್ಟಿಗಳಿವೆ. ಹಳೆಯ ರಾಜ್ಯದಲ್ಲಿ ದೊರೆತಿದ್ದ ಸ್ಥಾನ ಹೊಸ ರಾಜ್ಯದ ಪಟ್ಟಿಯಲ್ಲಿ ಲೆಕ್ಕಕ್ಕೆ ಬಾರದು. ಆದ್ದರಿಂದ ತಲಪಿದ ವಾರವೇ ಹೆಸರು ಬರೆಸಬೇಕು.

ಗಂಟೆಗಳನ್ನು ನಿಗದಿಪಡಿಸಲು ಮನೆಗೆ ಅಧಿಕಾರಿಯೊಬ್ಬರು ಬರುತ್ತಾರೆ. ನಮ್ಮ ಹಿರಿಯರು ಎಡವುವುದು ಇಲ್ಲಿಯೇ. ಅತಿಥಿಯ ಎದುರು ಅಭಿಮಾನದಿಂದ ಕುಳಿತು, ‘ನನಗೇನೂ ತೊಂದರೆಯಿಲ್ಲ, ಎಲ್ಲವನ್ನೂ ನಾನೇ ಮಾಡಿಕೊಳ್ಳುತ್ತೇನೆ’ ಎನ್ನುತ್ತಾರೆ. ಅಧಿಕಾರಿ ಅದನ್ನೇ ಬರೆದುಕೊಳ್ಳುತ್ತಾರೆ. ಬೆಳಗಿನ ಸ್ನಾನಕ್ಕೆ ಯಾರು ಹಿಡಿದುಕೊಳ್ಳಬೇಕು, ಲಿಂಗಪೂಜೆಗೆ ಕುಳಿತವರನ್ನು ಯಾರು ಏಳಿಸಬೇಕು, ರಾತ್ರಿ ಎಷ್ಟು ಬಾರಿ ಶೌಚಕ್ಕೆ ಕರೆದೊಯ್ಯಬೇಕು ಎಂಬುದನ್ನು ಎರಡು ವಾರ ಬರೆದಿಟ್ಟು ತೋರಿಸಿರಿ. ಕನ್ನಡದಲ್ಲಿ ದುಭಾಷಿ ಬೇಕೆಂದು ಮುಂಚಿತವಾಗಿ ಕೇಳುವ ಹಕ್ಕು ಇದೆ, ಅದಕ್ಕೆ ಶುಲ್ಕವಿಲ್ಲ. ಮಕ್ಕಳೇ ಅನುವಾದಿಸಿದರೆ ತಾಯಿ ಮುಚ್ಚಿಟ್ಟದ್ದು ಮುಚ್ಚಿಯೇ ಉಳಿಯುತ್ತದೆ.

ಮೆಡಿಕೇಯ್ಡ್ ದೊರೆಯದ ಅವಧಿಯಲ್ಲಿ ತಾಯಿಯ ಉಳಿತಾಯದಿಂದಲೇ ಮಗಳಿಗೆ ಹಣ ಕೊಡುವುದಾದರೆ, ಕೆಲಸ, ಗಂಟೆ, ದರಗಳನ್ನು ಬರೆದ ಒಪ್ಪಂದ ಮೊದಲೇ ಆಗಿರಬೇಕು. ಇಲ್ಲವಾದರೆ ಅದು ದಾನವೆಂದು ಪರಿಗಣಿತವಾಗಿ ಮುಂದೆ ಅಡ್ಡಿಯಾಗುತ್ತದೆ. ಬಹುತೇಕ ರಾಜ್ಯಗಳು ದೀರ್ಘಕಾಲದ ಆರೈಕೆಯ ಅರ್ಜಿಗೆ ಹಿಂದಿನ 60 ತಿಂಗಳ ಲೆಕ್ಕ ನೋಡುತ್ತವೆ. ಮೆಡಿಕೇಯ್ಡ್‌ನ ಇಂತಹ ಯೋಜನೆಗಳಿಂದ ವೇತನ ಪಡೆಯುವವರು ತಾಯಿಯೊಡನೆ ಒಂದೇ ಮನೆಯಲ್ಲಿ ವಾಸಿಸುತ್ತಿದ್ದರೆ ಆ ಹಣಕ್ಕೆ ಕೇಂದ್ರ ಆದಾಯ ತೆರಿಗೆಯ ವಿನಾಯಿತಿ 2014ರಿಂದ ಇದೆ. ಲೆಕ್ಕಪರಿಶೋಧಕರನ್ನು ಕೇಳಿ ಅದನ್ನು ಪಡೆಯಿರಿ.

ಹೊಸ ಊರಿನ ಕಚೇರಿ ಯಾವುದೆಂದು ತಿಳಿಯದವರು ‘ಎಲ್ಡರ್‌ಕೇರ್ ಲೊಕೇಟರ್’ ಎಂಬ ಸಾರ್ವಜನಿಕ ಸೇವೆಗೆ (1-800-677-1116) ಕರೆ ಮಾಡಿದರೆ, ಆ ಪ್ರದೇಶದ ಹಿರಿಯ ನಾಗರಿಕರ ಸಂಸ್ಥೆಯ ವಿವರ ದೊರೆಯುತ್ತದೆ.