ಒಳ್ಳೆಯ ನಾಯಕರಿಗೆ ಬಹುಮಾನ ಕೊಡಬೇಕೆ?



ಓಟದಲ್ಲಿ ಮೊದಲು ಬಂದವರಿಗೆ ಬಹುಮಾನ ಇದೆ. ಚೆನ್ನಾಗಿ ಹಾಡಿದವರಿಗೆ, ಹೆಚ್ಚು ಅಂಕ ತೆಗೆದವರಿಗೆ ಬಹುಮಾನ ಇದೆ. ಆದರೆ ಅಧಿಕಾರದಲ್ಲಿ ಕೂತು, ಜನರ ದುಡ್ಡು ಮುಟ್ಟದೆ, ಒಳ್ಳೆ ಹೆಸರು ಉಳಿಸಿಕೊಂಡು ಮನೆಗೆ ಹೋದವರಿಗೆ ಬಹುಮಾನ ಇದೆಯೇ? ಇದೆ! ಅದು ಆಫ್ರಿಕಾ ಖಂಡದ ನಾಯಕರಿಗೆ ಕೊಡುವ ಬಹುಮಾನ. ಆ ವಿಷಯವನ್ನೂ, ನಮ್ಮ ಮಲೆನಾಡಿನ ಇಬ್ಬರು ನಾಯಕರ ವಿಷಯವನ್ನೂ ಸೇರಿಸಿ ಈ ಲೇಖನದಲ್ಲಿ ಬರೆದಿದ್ದೇನೆ.

ಆಫ್ರಿಕಾದ ದೊಡ್ಡ ಬಹುಮಾನ

ಮೊ ಇಬ್ರಾಹಿಂ ಎಂಬುವವರು ಸುಡಾನ್ ದೇಶದಲ್ಲಿ ಹುಟ್ಟಿದವರು. ಆಫ್ರಿಕಾದ ಹಲವು ದೇಶಗಳಲ್ಲಿ ಮೊಬೈಲ್ ಫೋನ್ ಕಂಪನಿ ನಡೆಸಿ ಶ್ರೀಮಂತರಾದರು. ಆಮೇಲೆ ಕಂಪನಿ ಮಾರಿ, ಬಂದ ಹಣದಲ್ಲಿ ಒಂದು ಪ್ರತಿಷ್ಠಾನ ಮಾಡಿದರು. ಅದರ ಹೆಸರಿನಲ್ಲಿ 2007ರಿಂದ ಬಹುಮಾನ ಶುರುವಾಯಿತು.

ಈ ಬಹುಮಾನ ಸಿಗಬೇಕಾದರೆ ಕೆಲವು ನಿಯಮಗಳಿವೆ. ಆ ನಾಯಕರು ಜನರ ಓಟಿನಿಂದ ಗೆದ್ದು ಬಂದಿರಬೇಕು. ಸಂವಿಧಾನ ಎಷ್ಟು ವರ್ಷ ಹೇಳಿದೆಯೋ ಅಷ್ಟೇ ವರ್ಷ ಆಳಿರಬೇಕು. ಕಳೆದ ಮೂರು ವರ್ಷದೊಳಗೆ ಕುರ್ಚಿ ಬಿಟ್ಟಿರಬೇಕು. ಒಳ್ಳೆಯ ಆಡಳಿತ ಕೊಟ್ಟಿರಬೇಕು. ಶುರುವಿನಲ್ಲಿ ಗೊತ್ತು ಮಾಡಿದ ಪ್ರಕಾರ ಬಹುಮಾನದ ಹಣ 50 ಲಕ್ಷ ಡಾಲರು. ಅಂದರೆ ಈಗಿನ ಲೆಕ್ಕದಲ್ಲಿ 40 ಕೋಟಿ ರೂಪಾಯಿಗೂ ಜಾಸ್ತಿ! ಅದನ್ನು ಒಟ್ಟಿಗೆ ಕೊಡದೆ ಹತ್ತು ವರ್ಷಗಳಲ್ಲಿ ಹಂಚಿ ಕೊಡುತ್ತಾರೆ.

ಇಷ್ಟೊಂದು ಹಣ ಯಾಕೆ ಅಂತ ನೀವು ಕೇಳಬಹುದು. ಕೆಲವು ನಾಯಕರಿಗೆ ಕುರ್ಚಿ ಬಿಟ್ಟ ಮೇಲೆ ಜೀವನಕ್ಕೆ ಏನು ಗತಿ ಎಂಬ ಭಯ. ಅದಕ್ಕೇ ಅಧಿಕಾರದಲ್ಲಿದ್ದಾಗಲೇ ಮಾಡಿಕೊಳ್ಳುತ್ತಾರೆ, ಅಥವಾ ಕುರ್ಚಿಯನ್ನೇ ಬಿಡುವುದಿಲ್ಲ. ಆ ಭಯ ಹೋದರೆ ಕಾನೂನಿನ ಪ್ರಕಾರ ಇಳಿದು ಹೋಗುತ್ತಾರೆ ಎಂಬುದು ಇದರ ಹಿಂದಿನ ವಿಚಾರ.

ಮೊದಲ ಬಹುಮಾನ 2007ರಲ್ಲಿ ಮೊಜಾಂಬಿಕ್ ದೇಶದ ಜೊವಾಕಿಮ್ ಚಿಸಾನೊ ಅವರಿಗೆ ಬಂತು. ಅವರ ಕಾಲದಲ್ಲಿ, 1992ರಲ್ಲಿ, ಅಲ್ಲಿನ ಅಂತರ್ಯುದ್ಧ ನಿಂತಿತು. ಮತ್ತೆ ಚುನಾವಣೆಗೆ ನಿಲ್ಲಲು ಅವಕಾಶ ಇದ್ದರೂ ಅವರು ನಿಲ್ಲಲಿಲ್ಲ. ಅದೇ ವರ್ಷ ನೆಲ್ಸನ್ ಮಂಡೇಲಾ ಅವರಿಗೆ ಗೌರವ ಬಹುಮಾನ ಕೊಟ್ಟರು. ಆಮೇಲೆ ಬೋಟ್ಸ್ವಾನಾದ ಫೆಸ್ಟಸ್ ಮೊಗಾಯೆ (2008), ಕೇಪ್ ವರ್ಡೆಯ ಪೆಡ್ರೊ ಪೈರೆಸ್ (2011), ನಮೀಬಿಯಾದ ಪೊಹಾಂಬಾ (2014), ಲೈಬೀರಿಯಾದ ಎಲೆನ್ ಜಾನ್ಸನ್ ಸರ್ಲೀಫ್ (2017), ನೈಜರ್ ದೇಶದ ಇಸೂಫು (2020) ಇವರಿಗೆ ಸಿಕ್ಕಿತು. ಇವರಲ್ಲಿ ಸರ್ಲೀಫ್ ಅವರು ಆಫ್ರಿಕಾದಲ್ಲೇ ಚುನಾವಣೆ ಗೆದ್ದು ಅಧ್ಯಕ್ಷರಾದ ಮೊದಲ ಮಹಿಳೆ.

ನನಗೆ ಇದರಲ್ಲಿ ಬಹಳ ಮೆಚ್ಚುಗೆಯಾದ ವಿಷಯ ಏನೆಂದರೆ, ಯೋಗ್ಯರು ಸಿಗದ ವರ್ಷ ಅವರು ಬಹುಮಾನವನ್ನೇ ಕೊಡುವುದಿಲ್ಲ. 2009, 2010, 2012, 2013ರಲ್ಲಿ ಯಾರಿಗೂ ಕೊಡಲಿಲ್ಲ. ಇದ್ದವರಲ್ಲೇ ಯಾರಿಗಾದರೂ ಕೊಟ್ಟು ಬಿಡೋಣ ಅಂತ ಮಾಡಲಿಲ್ಲ.

ನಮ್ಮ ಮಲೆನಾಡಿನ ಇಬ್ಬರು

ನಮ್ಮ ಜಿಲ್ಲೆಯ ಕೊಪ್ಪ ದಾಟಿದರೆ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕು. ಅಲ್ಲಿನವರು ಕಡಿದಾಳ್ ಮಂಜಪ್ಪನವರು. ಅವರು ವಕೀಲರು. ಕೆಂಗಲ್ ಹನುಮಂತಯ್ಯನವರ ಮಂತ್ರಿಮಂಡಲದಲ್ಲಿ ಕಂದಾಯ ಮಂತ್ರಿಯಾಗಿದ್ದರು. ಗೇಣಿದಾರರ ಪರವಾಗಿ ಕಾನೂನು ತರಲು ದುಡಿದರು. 1956ರ ಆಗಸ್ಟ್ 19ರಂದು ಮೈಸೂರು ರಾಜ್ಯದ ಮುಖ್ಯಮಂತ್ರಿ ಆದರು. ನವೆಂಬರ್ 1ಕ್ಕೆ ಕನ್ನಡ ನಾಡು ಒಂದಾಗಿ ಹೊಸ ರಾಜ್ಯ ಆಯಿತು, ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾದರು. ಮಂಜಪ್ಪನವರಿಗೆ ಸಿಕ್ಕಿದ್ದು ಎರಡೂವರೆ ತಿಂಗಳೂ ಇಲ್ಲ. ಆದರೂ ಸರಳ, ಪ್ರಾಮಾಣಿಕ ಮನುಷ್ಯ ಎಂದು ಜನ ಇವತ್ತಿಗೂ ಅವರ ಹೆಸರು ಹೇಳುತ್ತಾರೆ. ಹೆಸರು ಉಳಿಯಲು ತುಂಬಾ ವರ್ಷ ಕುರ್ಚಿಯಲ್ಲಿ ಕೂರಬೇಕಾಗಿಲ್ಲ ಎಂದು ಇದರಿಂದ ತಿಳಿಯುತ್ತದೆ.

ಇನ್ನೊಬ್ಬರು ಶಾಂತವೇರಿ ಗೋಪಾಲಗೌಡರು. ಇವರೂ ತೀರ್ಥಹಳ್ಳಿ ತಾಲ್ಲೂಕಿನವರೇ, 1923ರಲ್ಲಿ ಹುಟ್ಟಿದರು. ವಿದ್ಯಾರ್ಥಿಯಾಗಿದ್ದಾಗಲೇ ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋದರು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ಗೇಣಿ ಭತ್ತ ಅಳೆಯುವ ಕೊಳಗವೇ ದೊಡ್ಡದು ಎಂಬುದು ರೈತರ ಒಂದು ಮುಖ್ಯ ದೂರು. ಎಚ್. ಗಣಪತಿಯಪ್ಪನವರು ರೈತರನ್ನು ಸಂಘಟನೆ ಮಾಡಿದರು. ಗೋಪಾಲಗೌಡರು ಜೊತೆ ನಿಂತರು. ರಾಮಮನೋಹರ ಲೋಹಿಯಾ ಅವರೂ ಬಂದು ದಸ್ತಗಿರಿಯಾದರು.

ಗೋಪಾಲಗೌಡರು 1952, 1962 ಮತ್ತು 1967ರಲ್ಲಿ ಶಾಸಕರಾದರು. ಚುನಾವಣೆಗೆ ನಿಲ್ಲಲು ಅವರ ಹತ್ತಿರ ದುಡ್ಡಿರಲಿಲ್ಲ. "ಒಂದು ಓಟು, ಒಂದು ನೋಟು" ಅಂತ ಜನರನ್ನೇ ಕೇಳಿದರು. ಓಟೂ ಜನರದ್ದೇ, ಖರ್ಚಿನ ದುಡ್ಡೂ ಜನರದ್ದೇ. ಈಗ ಓಟಿಗೆ ನೋಟು ಹಂಚುತ್ತಾರೆ ಎಂದು ದೊಡ್ಡವರು ಮಾತಾಡುವುದನ್ನು ನಾವೆಲ್ಲ ಕೇಳಿದ್ದೇವೆ. ಅವರ ಕಾಲದಲ್ಲಿ ನೋಟು ಜನರ ಕೈಯಿಂದ ನಾಯಕರ ಕಡೆಗೆ ಹೋಯಿತು! ಜನ ಕೊಟ್ಟ ದುಡ್ಡಿನಿಂದ ಗೆದ್ದವರು ಯಾವ ಸಾಹುಕಾರನ ಹಂಗಿನಲ್ಲೂ ಇರಬೇಕಾಗಿಲ್ಲ. ಅವರು ಯಾವತ್ತೂ ಮಂತ್ರಿ ಆಗಲಿಲ್ಲ. 1972ರಲ್ಲಿ 49ನೇ ವಯಸ್ಸಿಗೇ ತೀರಿಕೊಂಡರು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಡಬೇಕು ಎಂದು ಅವರು ಒತ್ತಾಯ ಮಾಡುತ್ತಿದ್ದರು. ಅದು 1973ರ ನವೆಂಬರ್ 1ಕ್ಕೆ ಆಯಿತು, ನೋಡಲು ಅವರಿರಲಿಲ್ಲ.

ಹಾಗಾದರೆ ಬಹುಮಾನ ಬೇಕೋ ಬೇಡವೋ?

ಇದಕ್ಕೆ ಎರಡು ಮಾತಿದೆ. ಕೆಲವರು ಹೇಳುತ್ತಾರೆ, ಕದಿಯದೇ ಇರುವುದು ಕರ್ತವ್ಯ, ಅದಕ್ಕೇಕೆ ದುಡ್ಡು ಅಂತ. ಕಾಫಿ ಕುಯ್ಲಿನ ಕಾಲದಲ್ಲಿ ಸಂಜೆ ಹಣ್ಣು ತೂಕ ಹಾಕುವುದನ್ನು ನಾವೆಲ್ಲ ನೋಡಿದ್ದೇವೆ. ರೈಟರು ತೂಕ ಸರಿಯಾಗಿ ಬರೆದುಕೊಂಡರೆ ಯಾರೂ ಅವರಿಗೆ ಹಾರ ಹಾಕುವುದಿಲ್ಲ. ಅದು ಅವರ ಕೆಲಸ. ಆದರೆ ಯಾವ ರೈಟರು ಸರಿ, ಯಾರು ಅಲ್ಲ ಅಂತ ಕುಯ್ಯುವವರಿಗೆಲ್ಲ ಗೊತ್ತಿರುತ್ತದೆ. ಸರಿ ಇರುವವರಿಗೆ ಎಲ್ಲಿ ಹೋದರೂ ಮರ್ಯಾದೆ.

ಇನ್ನು ಕೆಲವರು ಹೇಳುತ್ತಾರೆ, ಕೆಟ್ಟವರ ಸುದ್ದಿ ದಿನಾ ಪೇಪರಿನಲ್ಲಿ ಬರುತ್ತದೆ, ಒಳ್ಳೆಯವರ ಸುದ್ದಿ ಯಾರು ಹೇಳಬೇಕು? ಬಹುಮಾನ ಕೊಟ್ಟರೆ ಅವರ ಹೆಸರು ಮಕ್ಕಳಿಗೂ ತಿಳಿಯುತ್ತದೆ ಅಂತ. ಈ ಮಾತು ನನಗೆ ಸರಿ ಅನ್ನಿಸುತ್ತದೆ. ಮೊಜಾಂಬಿಕ್ ಎಂಬ ದೇಶದ ನಾಯಕರ ಹೆಸರು ಜಾವಳಿಯ ಗೋಡೆ ಪತ್ರಿಕೆಗೆ ಬಂದದ್ದು ಈ ಬಹುಮಾನದಿಂದಲೇ ಅಲ್ಲವೇ!

ಆದರೆ ಬಹುಮಾನ ಒಂದೇ ಸಾಲದು. ಅದು ಕೊನೆಯಲ್ಲಿ ಬರುವಂಥದ್ದು. ಕೆಲಸ ಮಾಡುವಾಗಲೇ ನೋಡಿಕೊಳ್ಳುವವರು ಬೇಕು, ಇಲ್ಲದಿದ್ದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ ಆಗುತ್ತದೆ. ನಮ್ಮ ರಾಜ್ಯದಲ್ಲಿ ಅದಕ್ಕೆಂದೇ 1984ರ ಕಾನೂನಿನಿಂದ ಲೋಕಾಯುಕ್ತ ಸಂಸ್ಥೆ ಆಯಿತು. 2011ರಲ್ಲಿ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆ ಬಗ್ಗೆ ವರದಿ ಕೊಟ್ಟಾಗ ಇಡೀ ದೇಶ ಓದಿತು. ಸುಪ್ರೀಂ ಕೋರ್ಟಿನ ತೀರ್ಪಿನಿಂದ 2003ರಿಂದ ಶಾಸನಸಭೆ, ಲೋಕಸಭೆ ಅಭ್ಯರ್ಥಿಗಳು ತಮ್ಮ ಆಸ್ತಿ, ತಮ್ಮ ಮೇಲಿರುವ ಕೇಸು ಎಲ್ಲವನ್ನೂ ಬರೆದು ಕೊಡಬೇಕು. ಅದನ್ನು ಯಾರು ಬೇಕಾದರೂ ನೋಡಬಹುದು. ಒಳ್ಳೆಯ ಕೆಲಸ ಮಾಡಿದ ಗ್ರಾಮ ಪಂಚಾಯಿತಿಗಳಿಗೆ ನಮ್ಮ ಸರ್ಕಾರ ಗಾಂಧಿ ಗ್ರಾಮ ಪುರಸ್ಕಾರ ಕೊಡುತ್ತದೆ. ಅದು ಒಬ್ಬ ಮನುಷ್ಯರಿಗಲ್ಲ, ಪಂಚಾಯಿತಿಗೆ. ಇದು ನನಗೆ ಇನ್ನೂ ಇಷ್ಟ.

ನಾವು ಏನು ಮಾಡಬಹುದು?

ನಾವು ಚಿಕ್ಕವರು, ನಮಗೆ ಓಟಿಲ್ಲ ಎನ್ನಬೇಡಿ. ಹೇಮಾವತಿ ಹುಟ್ಟುವುದು ನಮ್ಮ ಜಾವಳಿಯಲ್ಲಿ. ಇಲ್ಲಿ ಸಣ್ಣ ತೊರೆ, ಗೊರೂರಿಗೆ ಹೋಗುವಾಗ ದೊಡ್ಡ ನದಿ. ಇಲ್ಲೇ ನೀರು ಕೆಡಿಸಿದರೆ ಮುಂದೆ ಯಾರು ಸರಿ ಮಾಡುತ್ತಾರೆ? ಚುನಾವಣೆ ಕಲಿಯುವುದೂ ಹಾಗೆಯೇ, ಶಾಲೆಯಿಂದಲೇ.

ಒಂದು, ಶಾಲಾ ಸಂಸತ್ತಿನ ಚುನಾವಣೆಯಲ್ಲಿ ಯಾರಾದರೂ ಚಾಕಲೇಟು ಕೊಟ್ಟು ಓಟು ಕೇಳಿದರೆ ಹಾಕಬಾರದು. ಎರಡು, ಮಕ್ಕಳ ಗ್ರಾಮ ಸಭೆ ನಡೆದಾಗ ಸುಮ್ಮನೆ ಕೂತು ಬರದೆ, ನಮ್ಮ ಶಾಲೆಗೆ ಎಷ್ಟು ಹಣ ಬಂತು, ಏನು ಮಾಡಿದಿರಿ ಅಂತ ಮರ್ಯಾದೆಯಿಂದ ಕೇಳಬೇಕು. ಮೂರು, ನಮ್ಮ ಶಾಲಾ ಮಂತ್ರಿಗಳು ಏನೇನು ಮಾಡಿದರು, ಯಾವುದು ಬಾಕಿ ಉಳಿಯಿತು ಎಂದು ತಿಂಗಳಿಗೊಮ್ಮೆ ಇದೇ ಗೋಡೆ ಪತ್ರಿಕೆಯಲ್ಲಿ ಬರೆದು ಹಾಕಬೇಕು. ವರ್ಷದ ಕೊನೆಗೆ ಎಲ್ಲರೂ ಚಪ್ಪಾಳೆ ತಟ್ಟುವಂತಿದ್ದರೆ ಅದೇ ಅವರಿಗೆ ಬಹುಮಾನ. ಯಾರೂ ಯೋಗ್ಯರಿಲ್ಲದಿದ್ದರೆ, ಆಫ್ರಿಕಾದ ಬಹುಮಾನದ ಹಾಗೆ, ಆ ವರ್ಷ ಚಪ್ಪಾಳೆಯೂ ಬೇಡ.

ಇದಕ್ಕೆ ಗುರುಗಳ ಒಪ್ಪಿಗೆ ಬೇಕು. ಗೆಳೆಯರೇ, ನಿಮ್ಮ ಅಭಿಪ್ರಾಯವನ್ನು ಒಂದು ಚೀಟಿಯಲ್ಲಿ ಬರೆದು ನನಗೆ ಕೊಡಿ.

– 7ನೇ ತರಗತಿಯ ವಿದ್ಯಾರ್ಥಿನಿ, ಜಾವಳಿ