ಮರಳಲ್ಲಿ ಮೆತ್ತಗಿನ ಅಲೆ, ಬಂಡೆ ತುದಿಯಲ್ಲಿ ಯಾಕೆ ಇಷ್ಟು ಜೋರು?

ಗೋಕರ್ಣ: ಮರಳಿನ ದಂಡೆಯಲ್ಲಿ ಪಾದ ತೋಯಿಸಿ ಹೋಗುವ ಅಲೆ, ಸ್ವಲ್ಪ ಆಚೆಗಿನ ಬಂಡೆಗೆ ಬಡಿದಾಗ ಆಳೆತ್ತರ ಹಾರುತ್ತದೆ. ಕಡಲೂ ಒಂದೇ, ಗಾಳಿಯೂ ಒಂದೇ. ಹಾಗಾದ್ರೆ ಈ ವ್ಯತ್ಯಾಸ ಯಾಕೆ? ಉತ್ತರ ಇರುವುದು ನೀರಿನ ತಳದಲ್ಲಿ.

ತಳ ಸಿಕ್ಕರೆ ಅಲೆ ನಿಧಾನ

ಆಳ ಕಡಲಿನಲ್ಲಿ ಒಂದು ಅಲೆಯಿಂದ ಮುಂದಿನ ಅಲೆಗೆ 100 ಮೀಟರ್ ಅಂತರ ಇದೆ ಎಂದುಕೊಳ್ಳಿ. ನೀರಿನ ಆಳ ಅದರ ಅರ್ಧ, ಅಂದರೆ 50 ಮೀಟರ್‌ಗಿಂತ ಕಡಿಮೆಯಾದಾಗ ಅಲೆಗೆ ತಳದ ತಡೆ ಶುರು. 10 ಮೀಟರ್ ಆಳದಲ್ಲಿ ಗಂಟೆಗೆ ಸುಮಾರು 32 ಕಿ.ಮೀ. ಇರುವ ವೇಗ, ಎರಡೂವರೆ ಮೀಟರ್ ಆಳಕ್ಕೆ ಬರುವಾಗ ಸುಮಾರು 17ಕ್ಕೆ ಇಳಿಯುತ್ತದೆ. ಮುಂದಿನದು ನಿಧಾನ, ಹಿಂದಿನದು ಒತ್ತುತ್ತಾ ಬರುತ್ತದೆ, ಅಲೆ ಮೇಲಕ್ಕೇಳುತ್ತದೆ.

ಚಾಚಿದ ಬಂಡೆಯ ಮುಂದೆ ಆಳ ಮೊದಲೇ ಕಡಿಮೆ. ಅಲ್ಲಿ ಅಲೆ ತಡವಾದರೂ ಅಕ್ಕಪಕ್ಕದ ಆಳದಲ್ಲಿ ಅದು ಮುಂದೆ ಓಡುತ್ತದೆ. ಹೀಗೆ ಅಲೆಯ ಸಾಲು ಬಾಗಿ, ಶಕ್ತಿಯೆಲ್ಲ ಬಂಡೆಯ ಮೂಗಿಗೇ ಕೂಡುತ್ತದೆ. ಕಮಾನಿನಂಥ ಮರಳ ದಂಡೆಯಲ್ಲಿ ಹಂಚಿಹೋಗುತ್ತದೆ. ಓಂ ಬೀಚಿನ ಎರಡು ಕಮಾನು, ನಡುವಿನ ಬಂಡೆ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು.

ಗೋಡೆಗೆ ಬಡಿದರೆ

ಕಡಿದಾದ ಬಂಡೆಯ ಬುಡದಲ್ಲಿ ಆಳ ಇದ್ದರೆ ಅಲೆ ಒಡೆಯದೆ ವಾಪಸ್ ಬರುತ್ತದೆ. ಹೋಗುವ ಅಲೆ, ಬರುವ ಅಲೆ ಸೇರಿದಲ್ಲಿ ಎತ್ತರ ಹೆಚ್ಚುಕಮ್ಮಿ ದುಪ್ಪಟ್ಟು. ಸಣ್ಣ ದೋಣಿ ಬಂಡೆಯ ಹತ್ತಿರ ಹೋಗಬಾರದು ಎನ್ನುವುದು ಇದಕ್ಕೇ. ಅಲೆ ಬಂಡೆಯ ಮೇಲೇ ಒಡೆದರೆ, ಬಿರುಕಿನೊಳಗೆ ಸಿಕ್ಕಿದ ಗಾಳಿ ಒತ್ತಿ, ನೀರು ಸರಿದಾಗ ಸಿಡಿಯುತ್ತದೆ. ವರ್ಷಗಟ್ಟಲೆ ಹೀಗಾಗಿ ಕಲ್ಲು ಸಡಿಲಾಗಿ, ಬುಡ ಪೊಳ್ಳಾಗಿ, ಮೇಲಿನ ಭಾಗ ಕುಸಿಯುತ್ತದೆ.

ಗಾಳಿ ಇಲ್ಲದ ದಿನವೂ ಎಚ್ಚರ

ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿ ಎಬ್ಬಿಸಿದ ಉಬ್ಬಲೆ, ದಿನಗಳ ನಂತರ ನಮ್ಮ ದಡಕ್ಕೆ ಬರುವುದುಂಟು. ಇಲ್ಲಿ ಆಕಾಶ ಶುಭ್ರವಾಗಿದ್ದರೂ ಸರಿ. ಕೇರಳದವರು ಇದನ್ನು 'ಕಳ್ಳಕ್ಕಡಲ್' ಅಂತಾರೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇದರ ಮುನ್ನೆಚ್ಚರಿಕೆ ಕೊಡುತ್ತದೆ. ಅಲೆಗಳು ಗುಂಪಾಗಿ ಬರುವುದರಿಂದ ಹತ್ತು ಸಣ್ಣದರ ಹಿಂದೆ ದೊಡ್ಡವು ಬರಬಹುದು.

ನೆನಪಿಡಿ

* ಬಂಡೆ ಒದ್ದೆ ಇದ್ದರೆ ಅಲೆ ಅಲ್ಲಿಗೆ ಬಂದುಹೋಗಿದೆ ಎಂದರ್ಥ. ಅಲ್ಲಿ ನಿಂತು ಸೆಲ್ಫಿ ಬೇಡ.
* ಗಾಳ ಹಾಕುವವರು, ಚಿಪ್ಪಿ ತೆಗೆಯುವವರು ಇಳಿಯುವ ಮೊದಲು ಕಾಲು ಗಂಟೆ ಕಡಲು ನೋಡಲಿ.
* ಯಾರಾದ್ರೂ ಬಿದ್ದರೆ ಹಿಂದೆ ಹಾರಬೇಡಿ. ಹಗ್ಗ ಅಥವಾ ಮುಚ್ಚಳ ಹಾಕಿದ ಖಾಲಿ ಕ್ಯಾನ್ ಎಸೆಯಿರಿ, 112ಕ್ಕೆ ಫೋನ್ ಮಾಡಿ.
* ದಂಡೆಯ ಗೂಡಂಗಡಿಯವರು ಇವೆರಡನ್ನೂ ಕೈಗೆ ಸಿಗುವ ಹಾಗೆ ಇಟ್ಟುಕೊಂಡರೆ ಒಂದು ಜೀವ ಉಳಿದೀತು.