ಸಿಗ್ನಲ್ ಹೋದ ಮೇಲೂ ದಾರಿ ತೋರಿಸೋದು ಯಾವುದು?

ಶಿವಮೊಗ್ಗದ ವಿನೋಬನಗರದಲ್ಲಿ ಮನೆ, ಕೈಯಲ್ಲೊಂದು ಬೈಕು, ಶನಿವಾರ ರಜಾ. ಇಷ್ಟಿದ್ದರೆ ಮಲೆನಾಡು ಪೂರ್ತಿ ನಮ್ಮದೇ. ತೀರ್ಥಹಳ್ಳಿ ದಾಟಿದರೆ ಆಗುಂಬೆ, ಸಾಗರ ದಾಟಿದರೆ ಜೋಗ, ಹೊಸನಗರ ದಾಟಿದರೆ ಕೊಲ್ಲೂರು. ಆದರೆ ಮೊಬೈಲ್ ಸಿಗ್ನಲ್ ಯಾವ ತಿರುವಿನಲ್ಲಿ ಕೈಕೊಡುತ್ತೋ ಹೇಳಕ್ಕಾಗಲ್ಲ. ಹಾಗಾಗಿ ಬೆಂಗಳೂರಿನಿಂದ ಬರುವ ಆಫೀಸ್ ಗೆಳೆಯರದ್ದು ಒಂದೇ ಪ್ರಶ್ನೆ: "ಬೈಕಿಗೆ ಅಂತಲೇ ಜಿಪಿಎಸ್ ತಗೋಬೇಕಾ, ಫೋನ್ ಸಾಕಾ?"

ಕಳೆದ ಮಳೆಗಾಲದಲ್ಲಿ ಮೂರು ಬಗೆಯದನ್ನು ಹ್ಯಾಂಡಲ್‌ಗೆ ಕಟ್ಟಿ ನೋಡಿದೆ. ಒಂದು, ಮನೆಯಲ್ಲಿ ಬಿದ್ದಿದ್ದ ಹಳೇ ಫೋನು. ಎರಡು, ಬಾಣದ ಗುರುತು ಮಾತ್ರ ತೋರಿಸುವ ಪುಟ್ಟ ಡಿವೈಸು. ಮೂರು, ಗೆಳೆಯನಿಂದ ಎರವಲು ತಂದ, ಬೈಕಿಗೆಂದೇ ಮಾಡಿದ ದೊಡ್ಡ ನ್ಯಾವಿಗೇಟರು. ಕಂಪನಿಗಳ ಹೆಸರು ಬೇಡ, ಬಗೆ ಮುಖ್ಯ.

ಮೊದಲು ಒಂದು ತಪ್ಪು ಕಲ್ಪನೆ ಬಿಡಿ. ಸಿಗ್ನಲ್ ಹೋದರೆ ಜಿಪಿಎಸ್ ಹೋಗಲ್ಲ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಕಳಿಸುವ ಸಮಯವನ್ನು ಫೋನು ಸುಮ್ಮನೆ ಕೇಳಿಸಿಕೊಳ್ಳುತ್ತೆ. ನಾಲ್ಕು ಉಪಗ್ರಹ ಸಿಕ್ಕರೆ ನೀವು ಎಲ್ಲಿದ್ದೀರಿ ಅಂತ ಲೆಕ್ಕ ಹಾಕುತ್ತೆ. ಇದಕ್ಕೆ ಇಂಟರ್ನೆಟ್ ಬೇಡ. ಸಿಗ್ನಲ್ ಇಲ್ಲದಾಗ ಕೈಕೊಡೋದು ನಕ್ಷೆ ಮತ್ತು ಹೊಸ ದಾರಿಯ ಲೆಕ್ಕ.

ಅದಕ್ಕೇ ನನ್ನ ಮೊದಲ ಪರೀಕ್ಷೆ ಸರಳ. ಶಿವಮೊಗ್ಗ, ಉಡುಪಿ ಜಿಲ್ಲೆಗಳ ನಕ್ಷೆ ಇಳಿಸಿಕೊಂಡು, ಫೋನ್ ಫ್ಲೈಟ್ ಮೋಡಿಗೆ ಹಾಕಿ ಹೊರಟೆ. ಗಾಜನೂರು ದಾಟಿದ ಮೇಲೆ ಬೇಕಂತಲೇ ಅಡ್ಡರಸ್ತೆಗೆ ತಿರುಗಿಸಿದೆ. ನ್ಯಾವಿಗೇಟರು ತಕ್ಷಣ ಹೊಸ ದಾರಿ ಹೇಳಿತು. ಫೋನಿನಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆ ಬಳಸುವ ಆರ್ಗ್ಯಾನಿಕ್ ಮ್ಯಾಪ್ಸ್ ಕೂಡ ಹೇಳಿತು. ಬಾಣದ ಡಿವೈಸು ಮಾತ್ರ ಹಳೇ ದಾರಿಯನ್ನೇ ಹಿಡಿದು ಕೂತಿತ್ತು. ಅದಕ್ಕೆ ದಾರಿ ಲೆಕ್ಕ ಹಾಕಿಕೊಡೋದು ಬ್ಲೂಟೂತ್‌ನಲ್ಲಿರುವ ಫೋನಿನ ಆ್ಯಪು, ಆ ಆ್ಯಪಿಗೆ ಇಂಟರ್ನೆಟ್ ಬೇಕು! ಕೊಳ್ಳುವ ಮುಂಚೆ ಅಂಗಡಿಯಲ್ಲಿ ಇದೊಂದನ್ನು ಕೇಳಿ.

ಎರಡನೇ ಪರೀಕ್ಷೆ, ನಕ್ಷೆ ಎಷ್ಟು ಹೊಸದು? ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಸಿಗಂದೂರಿಗಿಂತ ಒಳ್ಳೇ ಪ್ರಶ್ನೆ ಇಲ್ಲ. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ 2.44 ಕಿ.ಮೀ. ಸೇತುವೆ ತೆರೆದದ್ದು 2025ರ ಜುಲೈ 14ಕ್ಕೆ. ಅಲ್ಲಿವರೆಗೆ ಬೈಕೂ ಲಾಂಚ್ ಹತ್ತಬೇಕಿತ್ತು. ಅಪ್‌ಡೇಟ್ ಆಗದ ಆ ದುಬಾರಿ ನ್ಯಾವಿಗೇಟರು ನನ್ನನ್ನು ಲಾಂಚಿಗೇ ಕಳಿಸಲು ನೋಡಿತು ಮಾರಾಯ್ರೆ.

ಮಳೆಯ ಕಥೆ ಬೇರೆ. ಸ್ಕ್ರೀನ್ ಮೇಲೆ ಹನಿ ಬಿದ್ದರೆ ಫೋನು ಅದನ್ನೂ ಬೆರಳು ಅಂತಲೇ ತಿಳಿಯುತ್ತೆ, ನಕ್ಷೆ ಎಲ್ಲೆಲ್ಲಿಗೋ ಓಡುತ್ತೆ. ಹೊರಡುವ ಮುಂಚೆ ಸ್ಕ್ರೀನ್ ಲಾಕ್ ಮಾಡಿದರೆ ಅರ್ಧ ಗೋಳು ತಪ್ಪುತ್ತೆ. ಇಲ್ಲಿ ಗೆದ್ದದ್ದು ನ್ಯಾವಿಗೇಟರು, ಗ್ಲೌಸ್ ಹಾಕಿಕೊಂಡೂ ಒತ್ತಬಹುದು. ಒದ್ದೆ ಎಲೆಗಳ ಅಡಿಯಲ್ಲಿ ಉಪಗ್ರಹದ ಸಂಕೇತವೂ ಕುಗ್ಗುತ್ತೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಹಳೇ ಫೋನು ನನ್ನನ್ನು ಎರಡು ಸಲ ಪಕ್ಕದ ಕಾಡಿನೊಳಗೆ ತೋರಿಸಿತು. ಹೊಸ ಫೋನ್ ಕೊಳ್ಳೋರು ಎಲ್-1 ಜೊತೆ ಎಲ್-5 ತರಂಗವನ್ನೂ ಹಿಡಿಯುತ್ತಾ ನೋಡಿ, ಮರ-ಬಂಡೆಗೆ ಬಡಿದು ಬರುವ ಸಂಕೇತದ ಗೊಂದಲ ಕಡಿಮೆಯಾಗುತ್ತೆ. ನಮ್ಮ ಇಸ್ರೋದ ನಾವಿಕ್ ಕೂಡ ಎಲ್-5 ಬಳಸುತ್ತೆ.

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಮಾಡಿದ್ದು ಅಮ್ಮ. ತೀರ್ಥಹಳ್ಳಿಯ ಚಿಕ್ಕಮ್ಮನ ಮನೆಗೆ ಹೊರಟಾಗ ಹಿಂದೆ ಕೂತು, ನನ್ನ ತಲೆ ಎಷ್ಟು ಸಲ ಸ್ಕ್ರೀನಿನ ಕಡೆ ಬಗ್ಗುತ್ತೆ ಅಂತ ಎಣಿಸೋದು ಅವರ ಕೆಲಸ. ಮಂಡಗದ್ದೆಗೆ ಬರೋಷ್ಟರಲ್ಲಿ ನಲವತ್ತು ದಾಟಿತು. "ಎಣ್ಸೋಕಾಗಲ್ಲ ಮಗಾ, ನೀನು ರಸ್ತೆ ನೋಡು" ಅಂದ್ರು. ವಾಪಸ್ ಬರುವಾಗ ಸ್ಕ್ರೀನ್ ಆರಿಸಿ, ಹೆಲ್ಮೆಟ್ಟಿನೊಳಗಿನ ಪುಟ್ಟ ಸ್ಪೀಕರಿನಲ್ಲಿ ದನಿ ಮಾತ್ರ ಇಟ್ಟೆ, ಹಿಂದಿನ ಗಾಡಿಯ ಹಾರ್ನ್ ಕೇಳುವಷ್ಟು ಸಣ್ಣಗೆ. ಪೂರ್ತಿ ದಾರಿಗೆ ಒಂಬತ್ತು ಸಲ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡ್ ಕೆಳಗೆ ನೋಡಿದರೆ ಬೈಕು 22 ಮೀಟರ್ ಮುಂದೆ ಹೋಗಿರುತ್ತೆ. ಘಾಟಿಯಲ್ಲಿ ಎದುರಿನ ಬಸ್ಸು ಕಾಣೋದೇ ಅಷ್ಟು ದೂರದಲ್ಲಿ. 2020ರ ಅಕ್ಟೋಬರ್‌ನಿಂದ ದಾರಿ ನೋಡಲು ಮಾತ್ರ ಫೋನ್ ಬಳಸೋದಕ್ಕೆ ಕೇಂದ್ರದ ನಿಯಮದಲ್ಲಿ ಅವಕಾಶ ಇದೆ ನಿಜ, ಆದರೆ ಚಾಲಕನ ಗಮನ ತಪ್ಪಬಾರದು ಅನ್ನೋ ಷರತ್ತಿನ ಮೇಲೆ.

ಹಾಗಾದರೆ ಯಾವುದು? ವಾರಗಟ್ಟಲೆ ಲಡಾಖ್ ಕಡೆ ಹೋಗೋರು ಹತ್ತಾರು ಸಾವಿರ ಕೊಟ್ಟು ನ್ಯಾವಿಗೇಟರ್ ತಗೊಳ್ಳಲಿ, ಹೊರಡುವ ಮುಂಚೆ ನಕ್ಷೆ ಅಪ್‌ಡೇಟ್ ಮಾಡಲಿ. ನಮ್ಮಂಥ ವಾರಾಂತ್ಯದವರಿಗೆ ಹಳೇ ಫೋನು, ಇಳಿಸಿಟ್ಟ ನಕ್ಷೆ, ಹೆಲ್ಮೆಟ್ ಸ್ಪೀಕರ್ ಸಾಕು. ದುಬಾರಿ ಫೋನನ್ನು ಹ್ಯಾಂಡಲ್‌ಗೆ ಕಟ್ಟಬೇಡಿ. ದೊಡ್ಡ ಎಂಜಿನ್‌ನ ಅದುರಿಗೆ ಕ್ಯಾಮೆರಾ ಹಾಳಾಗಬಹುದು ಅಂತ ಆ್ಯಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ. ಹಳೇದಕ್ಕೂ ಅದುರು ತಡೆಯುವ ಮೌಂಟ್ ಹಾಕಿಸಿದ್ದೀನಿ. ಉಳಿದ ದುಡ್ಡಲ್ಲಿ ಹಿಂದಿನ ಟೈರ್ ಹೊಸದು ಬಂತು.